ಸುಂಕದ ಅಂತರದಲ್ಲಿ ಸಾಗಿದ ಸರಕು: ಭಾರತ–ಶ್ರೀಲಂಕಾ ವ್ಯಾಪಾರದ ಕಾಲು ಶತಮಾನ

ಬಿ.ವಿ. ಕೇಸ್ಕರ್ ಕೇಂದ್ರ ವಾರ್ತಾ ಸಚಿವರಾದ 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಬಾಗಿಲು ಮುಚ್ಚಿತು. ಜಾಹೀರಾತಿಗಂತೂ ಅಲ್ಲಿ ಜಾಗವೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಬಳಸಿ ಬಿಟ್ಟುಹೋದ ಪ್ರಬಲ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಆಗ ಕೊಲಂಬೊದಲ್ಲಿತ್ತು. ಟೂತ್‌ಪೇಸ್ಟ್ ಮಾರುವ ಕಂಪನಿಗಳು ಮುಂಬೈಯಲ್ಲಿ ಕಾರ್ಯಕ್ರಮ ಧ್ವನಿಮುದ್ರಿಸಿ ಕೊಲಂಬೊಗೆ ಕಳಿಸಿದವು. ಅದು ರೇಡಿಯೊ ಸಿಲೋನ್‌ನಿಂದ ಭಾರತಕ್ಕೇ ಮರಳಿ ಬಂತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಹುಟ್ಟಿದ್ದು ಹೀಗೆ. ಕನ್ನಡ ಚಿತ್ರಗೀತೆಗಳಿಗೂ ಆ ನಿಲಯದಲ್ಲಿ ಸ್ವಲ್ಪ ಹೊತ್ತು ಸಿಗುತ್ತಿತ್ತೆಂಬುದು ಹಳೆಯ ತಲೆಮಾರಿನ ಕೇಳುಗರಿಗೆ ಗೊತ್ತು. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಶ್ರೀಲಂಕೆಯ ಸೇವಾ ರಫ್ತು. ದ್ವೀಪ ಪ್ರಸಾರದ ಸಮಯವನ್ನು ಮಾರಿತು, ಭಾರತದ ಜಾಹೀರಾತುದಾರ ಅದಕ್ಕೆ ಹಣ ತೆತ್ತ.

1957ರಲ್ಲಿ ವಿವಿಧ ಭಾರತಿ ಶುರುವಾಯಿತು, 1967ರಲ್ಲಿ ಅದು ಜಾಹೀರಾತು ತೆಗೆದುಕೊಳ್ಳತೊಡಗಿತು. ಕೊಲಂಬೊದ ಆದಾಯ ಆ ಬಳಿಕ ಕರಗುತ್ತ ಹೋಯಿತು. ಒಂದು ದೇಶದ ನಿಯಮಕ್ಕೂ ಇನ್ನೊಂದು ದೇಶದ ನಿಯಮಕ್ಕೂ ನಡುವೆ ಇದ್ದ ಅಂತರವೇ ಆ ವ್ಯಾಪಾರದ ಬಂಡವಾಳವಾಗಿತ್ತು. ಅಂತರ ಮುಚ್ಚಿದ ಮೇಲೆ ವ್ಯಾಪಾರಕ್ಕೆ ನೆಲೆಯಿರಲಿಲ್ಲ.

ಭಾರತ ಮತ್ತು ಶ್ರೀಲಂಕಾ ನಡುವಣ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾಗಿ ಕಾಲು ಶತಮಾನ ದಾಟಿದೆ. ಆ ಅವಧಿಯ ಲೆಕ್ಕಪತ್ರ ತೆರೆದು ಕೂತರೆ ಇದೇ ಕತೆ ಬೇರೆ ಬೇರೆ ಸರಕಿನ ಹೆಸರಿನಲ್ಲಿ ಮರುಕಳಿಸಿದ್ದು ಕಾಣುತ್ತದೆ. ತಾಮ್ರ, ವನಸ್ಪತಿ, ಕಾಳುಮೆಣಸು, ಅಡಿಕೆ, ಪ್ರತಿ ಸಲವೂ ಹಡಗೇರಿದ್ದು ಸುಂಕದ ಅಂತರ. ದ್ವೀಪದ ಜನ ನಿಜವಾಗಿಯೂ ಚೆನ್ನಾಗಿ ಮಾಡಬಲ್ಲ ಕೆಲಸಗಳ ವಿಷಯದಲ್ಲಿ, ಅಂದರೆ ಸಿದ್ಧ ಉಡುಪು, ಬಂದರು, ಹಡಗು ನಿರ್ಮಾಣ, ಪ್ರವಾಸೋದ್ಯಮದಲ್ಲಿ, ಒಪ್ಪಂದ ಜುಗ್ಗತನ ತೋರಿತು ಅಥವಾ ಏನೂ ಹೇಳದೆ ಸುಮ್ಮನಿತ್ತು. ನನ್ನ ಪ್ರಕಾರ ಈ ವ್ಯಾಪಾರದ ಮೂಲ ಕೊರತೆ ಇದೇ. ಎಲ್ಲರೂ ಬೊಟ್ಟುಮಾಡುವ ವ್ಯಾಪಾರ ಕೊರತೆ ಅದರ ನಂತರದ ಮಾತು.

ಎರಡೂ ದೇಶಗಳ ಗಾತ್ರವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶ್ರೀಲಂಕೆಯ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 2.2 ಕೋಟಿ. ವಿಸ್ತೀರ್ಣದಲ್ಲೂ ಜನಸಂಖ್ಯೆಯಲ್ಲೂ ಅದು ಹೆಚ್ಚುಕಡಿಮೆ ಕರ್ನಾಟಕದ ಮೂರನೇ ಒಂದರಷ್ಟು. ಇಂಥ ದೇಶ 140 ಕೋಟಿ ಜನರ ದೇಶದ ಜೊತೆ ಒಪ್ಪಂದಕ್ಕೆ ಕುಳಿತಾಗ ಅದಕ್ಕಿರುವ ಭಯ ಸಹಜ. ಆದರೆ ಮಾರುಕಟ್ಟೆ ತೆರೆಯುವುದರಲ್ಲಿ ದ್ವೀಪವೇ ಮುಂದಿತ್ತು. ಜೆ.ಆರ್. ಜಯವರ್ಧನೆ ಸರ್ಕಾರ 1977ರಲ್ಲಿ ಆಮದಿನ ನಿರ್ಬಂಧ ಸಡಿಲಿಸಿತು. ಭಾರತಕ್ಕೆ ಆ ಬುದ್ಧಿ 1991ರಲ್ಲಿ, ಅದೂ ಬಿಕ್ಕಟ್ಟಿನ ನಡುವೆ ಬಂತು. ಆ ಹದಿನಾಲ್ಕು ವರ್ಷಗಳ ಮುನ್ನಡೆಯಲ್ಲಿ ಶ್ರೀಲಂಕಾ ಉಡುಪಿನ ಕಾರ್ಖಾನೆಗಳನ್ನು ಕಟ್ಟಿಕೊಂಡಿತು. ಅವುಗಳ ಬಟ್ಟೆ ಹೋದದ್ದು ಅಮೆರಿಕ ಮತ್ತು ಯುರೋಪಿಗೆ. ಪಕ್ಕದ ಭಾರತ ಆಗ ಗಿರಾಕಿಯಾಗಿರಲಿಲ್ಲ.

1998ರ ಡಿಸೆಂಬರ್ 28ರಂದು ದೆಹಲಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮತ್ತು ಶ್ರೀಲಂಕೆಯ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಒಪ್ಪಂದಕ್ಕೆ ಸಹಿ ಮಾಡಿದರು. 2000ದ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ದಕ್ಷಿಣ ಏಷ್ಯಾದ ಸಾಮೂಹಿಕ ಮಾತುಕತೆ ಆಮೆಯ ನಡಿಗೆಯಲ್ಲಿದ್ದಾಗ ಇಬ್ಬರೇ ಕೂತು ಮುಗಿಸಿದ ಕೆಲಸವಿದು, ಆ ಧೈರ್ಯವನ್ನು ಮೆಚ್ಚಲೇಬೇಕು. ದೊಡ್ಡವನು ಹೆಚ್ಚು ಬಿಟ್ಟುಕೊಡಬೇಕೆಂಬ ತತ್ವವೂ ಅದರಲ್ಲಿತ್ತು. ಸುಂಕ ಇಳಿಸಲು ಭಾರತ ಮೂರು ವರ್ಷ ತೆಗೆದುಕೊಂಡರೆ ಶ್ರೀಲಂಕೆಗೆ ಎಂಟು ವರ್ಷದ ಅವಕಾಶ. ರಿಯಾಯಿತಿಯಿಂದ ಹೊರಗಿಟ್ಟ ಸರಕುಗಳು ಭಾರತದ ಪಟ್ಟಿಯಲ್ಲಿ 429, ಶ್ರೀಲಂಕೆಯ ಪಟ್ಟಿಯಲ್ಲಿ 1,180. ಸರಕು ದ್ವೀಪದ್ದೇ ಎಂದು ಸಾಬೀತಾಗಲು ಕನಿಷ್ಠ ಶೇ. 35ರಷ್ಟು ಮೌಲ್ಯ ಅಲ್ಲಿ ಸೇರಿರಬೇಕು. ಭಾರತದಿಂದಲೇ ಶೇ. 10ರಷ್ಟು ಕಚ್ಚಾವಸ್ತು ಬಳಸಿದ್ದರೆ ಶೇ. 25 ಸಾಕು. ಮುಂದಿನ ರಗಳೆಯೆಲ್ಲ ಹುಟ್ಟಿದ್ದು ಈ ‘ಮೂಲ ನಿಯಮ’ದ ಸುತ್ತಲೇ.

ಮೊದಲ ಐದು ವರ್ಷಗಳ ಅಂಕಿಅಂಶ ನೋಡಿದವರು ಬೆರಗಾದರು. 1999ರಲ್ಲಿ ಭಾರತಕ್ಕೆ ಶ್ರೀಲಂಕೆಯ ರಫ್ತು 5 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು. 2005ರಲ್ಲಿ ಅದು 55 ಕೋಟಿ ದಾಟಿತು. ದ್ವೀಪ ಒಂದು ಡಾಲರ್ ಮಾರಿ ಹತ್ತು ಡಾಲರ್ ಕೊಳ್ಳುತ್ತಿದ್ದ ಸ್ಥಿತಿ ಹೋಗಿ, ಒಂದು ಮಾರಿದರೆ ಮೂರಕ್ಕಿಂತ ಕಡಿಮೆ ಕೊಳ್ಳುವ ಮಟ್ಟಕ್ಕೆ ಬಂತು. ವಿಚಾರ ಸಂಕಿರಣಗಳಲ್ಲಿ ಈ ಒಪ್ಪಂದ ಮಾದರಿಯೆನಿಸಿಕೊಂಡಿತು. ಆದರೆ ಆ 55 ಕೋಟಿಯ ಒಳಹೊಕ್ಕರೆ ಸುಮಾರು ಅರ್ಧದಷ್ಟು ಎರಡೇ ಸರಕು: ತಾಮ್ರ ಮತ್ತು ವನಸ್ಪತಿ. ಶ್ರೀಲಂಕೆಯಲ್ಲಿ ತಾಮ್ರದ ಗಣಿಯಿಲ್ಲ. ವನಸ್ಪತಿಗೆ ಬೇಕಾದ ತಾಳೆ ಎಣ್ಣೆಯೂ ಹೇಳಿಕೊಳ್ಳುವಷ್ಟು ಅಲ್ಲಿ ಬೆಳೆಯುವುದಿಲ್ಲ.

ವನಸ್ಪತಿಯ ಲೆಕ್ಕ ಬಿಡಿಸಿದರೆ ವ್ಯಾಪಾರ ನೀತಿಯ ಒಳಗುಟ್ಟು ತಿಳಿಯುತ್ತದೆ. ಭಾರತ ತನ್ನ ಎಣ್ಣೆಕಾಳು ರೈತರನ್ನು ಕಾಯಲೆಂದು ಆ ವರ್ಷಗಳಲ್ಲಿ ಕಚ್ಚಾ ತಾಳೆ ಎಣ್ಣೆಯ ಮೇಲೆ ಶೇ. 60ಕ್ಕೂ ಮೇಲೆ ಸುಂಕ ಹಾಕುತ್ತಿತ್ತು. ಶ್ರೀಲಂಕೆಯಲ್ಲಿ ಆ ಸುಂಕ ಬಹಳ ಕಡಿಮೆ. ಮಲೇಷ್ಯಾ, ಇಂಡೋನೇಷ್ಯಾಗಳಿಂದ ಎಣ್ಣೆ ಕೊಲಂಬೊಗೆ ಬಂದು, ಅಲ್ಲಿ ಹೈಡ್ರೋಜನೀಕರಣಗೊಂಡು ವನಸ್ಪತಿಯಾಗಿ, ಸುಂಕವಿಲ್ಲದೆ ಭಾರತಕ್ಕೆ ಇಳಿಯಿತು. ಕಾರ್ಖಾನೆ ಹಾಕಿದವರಲ್ಲಿ ಹೆಚ್ಚಿನವರು ಭಾರತದ ಹೂಡಿಕೆದಾರರೇ. ಇಲ್ಲಿನ ವನಸ್ಪತಿ ಗಿರಣಿಗಳು ಹುಯಿಲೆಬ್ಬಿಸಿದ ಮೇಲೆ ಭಾರತ ವರ್ಷಕ್ಕೆ 2.5 ಲಕ್ಷ ಟನ್ನಿನ ಮಿತಿ ಹಾಕಿ, ಆಮದನ್ನು ಕೃಷಿ ಮಾರಾಟ ಸಹಕಾರ ಸಂಸ್ಥೆ ನಾಫೆಡ್ ಕೈಗೊಪ್ಪಿಸಿತು. ಕೊನೆಗೆ ಅದನ್ನು ಮುಗಿಸಿದ್ದು ಬೇರೊಂದು ಕ್ರಮ. 2008ರಲ್ಲಿ ಬೆಲೆಯೇರಿಕೆ ತಡೆಯಲು ಭಾರತ ಕಚ್ಚಾ ಖಾದ್ಯ ತೈಲದ ಸುಂಕವನ್ನು ಸೊನ್ನೆಗಿಳಿಸಿತು. ಅಂತರ ಹೋಯಿತು, ದ್ವೀಪದ ವನಸ್ಪತಿ ಕಾರ್ಖಾನೆಗಳಿಗೆ ಬೀಗ ಬಿತ್ತು. ತಾಮ್ರದ ಕತೆ ಸ್ವಲ್ಪ ಬೇಗ ಮುಗಿದಿತ್ತು. ಹೊರಗಿನಿಂದ ತಂದ ತಾಮ್ರದ ಗುಜರಿಯ ಬೆಲೆಯನ್ನು ಕಡಿಮೆ ತೋರಿಸಿ, ದ್ವೀಪದಲ್ಲಿ ಸೇರಿದ ಮೌಲ್ಯ ಹೆಚ್ಚೆಂದು ಲೆಕ್ಕ ಕೊಡುತ್ತಿದ್ದಾರೆ ಎಂದು ಭಾರತ ಆಕ್ಷೇಪಿಸಿ ತಪಾಸಣೆ ಬಿಗಿಗೊಳಿಸಿತು. 2009ರ ಹೊತ್ತಿಗೆ ಭಾರತಕ್ಕೆ ಶ್ರೀಲಂಕೆಯ ರಫ್ತು 32 ಕೋಟಿ ಡಾಲರಿಗೆ ಕುಸಿದಿತ್ತು. ಜಾಗತಿಕ ಹಿಂಜರಿತಕ್ಕೂ ಅದರಲ್ಲಿ ಪಾಲಿದೆ. ಆದರೂ ಬಹುಪಾಲು ಪೊಳ್ಳು ಮೊದಲೇ ಸೋರಿಹೋಗಿತ್ತು.

ಇಲ್ಲಿಂದ ಮುಂದಿನದು ನಮ್ಮ ಮಲೆನಾಡಿಗೆ ನೇರವಾಗಿ ತಟ್ಟಿದ ವಿಷಯ.

ಈಚಿನ ವರ್ಷಗಳಲ್ಲಿ ಕಾಳುಮೆಣಸಿನ ಉತ್ಪಾದನೆಯಲ್ಲಿ ಕರ್ನಾಟಕ ಕೇರಳವನ್ನು ಹಿಂದಿಕ್ಕಿದೆ. ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ, ಶಿರಸಿ–ಸಿದ್ದಾಪುರದ ಕಡೆ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ಎಷ್ಟೋ ಕುಟುಂಬಗಳ ಕಷ್ಟಕಾಲದ ಗಂಟು. ಕಾಫಿಗೆ ಬೆಲೆ ಬಿದ್ದ ವರ್ಷ ಮೆಣಸು ಕೈ ಹಿಡಿಯುತ್ತದೆ. 2016ರ ಸುಮಾರಿಗೆ ಕಿಲೋಗೆ 650–700 ರೂಪಾಯಿ ಕಂಡಿದ್ದ ಬೆಲೆ ಎರಡು ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬೆಳೆಗಾರರ ಸಂಘಟನೆಗಳು ದೆಹಲಿಗೆ ಮನವಿಯ ಮೇಲೆ ಮನವಿ ಒಯ್ದವು. ಅವರ ದೂರು ಇಷ್ಟು: ವಿಯೆಟ್ನಾಂ ಮೆಣಸು ಶ್ರೀಲಂಕೆಯ ಹೆಸರಿನಲ್ಲಿ ಬರುತ್ತಿದೆ.

ಸುಂಕದ ಪಟ್ಟಿ ಓದಿದರೆ ಆ ದೂರಿಗೆ ಆಧಾರವಿತ್ತೆಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಕಾಳುಮೆಣಸಿನ ಆಮದು ಸುಂಕ ಶೇ. 70. ಆಸಿಯಾನ್ ಒಪ್ಪಂದದಡಿ ವಿಯೆಟ್ನಾಂನಿಂದ ಬಂದರೆ ಶೇ. 50ರ ಆಸುಪಾಸು. ಅದೇ ಶ್ರೀಲಂಕೆಯಿಂದ ಬಂದರೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಆ ಮೇಲಿನದಕ್ಕೆ ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಒಪ್ಪಂದದಡಿ ಶೇ. 8 ಮಾತ್ರ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ವರ್ಷಕ್ಕೆ ಎರಡು ಲಕ್ಷ ಟನ್ನಿಗೂ ಹೆಚ್ಚು ಹೊರಗೆ ಮಾರುತ್ತದೆ. ಶ್ರೀಲಂಕೆಯ ಬೆಳೆ ಅದರ ಹತ್ತನೇ ಒಂದು ಪಾಲಿನ ಮಟ್ಟದ್ದು. ಹೀಗಿರುವಾಗ ಶೇ. 40ಕ್ಕೂ ಹೆಚ್ಚಿನ ಸುಂಕ ಉಳಿಸಲು ಚೀಲದ ಮೇಲಿನ ಹೆಸರು ಬದಲಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಮೆಣಸಿನ ಕಾಳಿನ ಮೈಮೇಲೆ ಊರಿನ ಹೆಸರು ಬರೆದಿರುವುದಿಲ್ಲ.

2017ರ ಡಿಸೆಂಬರ್‌ನಲ್ಲಿ ಭಾರತ ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಮರುವರ್ಷ ಅದಕ್ಕಿಂತ ಅಗ್ಗದ ಮೆಣಸಿನ ಆಮದನ್ನು ನಿಷೇಧಿಸಿತು. ಅದು ಬೆಳೆಗಾರರ ಹೋರಾಟದ ಫಲ. ಆದರೂ ಬೆಲೆ ಕೂಡಲೇ ಚೇತರಿಸಲಿಲ್ಲ, ಏಕೆಂದರೆ ಕುಸಿತದ ಮುಖ್ಯ ಕಾರಣ ವಿಯೆಟ್ನಾಂನ ಅತಿ ಉತ್ಪಾದನೆ. ಜಗತ್ತಿನಾದ್ಯಂತ ಮೆಣಸು ಅಗ್ಗವಾಗಿತ್ತು. ಲಂಕೆಯ ಹಾದಿಯೊಂದನ್ನೇ ಹೊಣೆಯಾಗಿಸಿದರೆ ರೋಗವನ್ನು ಅರ್ಧ ಮಾತ್ರ ಗುರುತಿಸಿದಂತೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಾತಳೆ, ಕ್ಯಾಂಡಿ, ಕುರುಣೇಗಲದ ಸಣ್ಣ ಹಿಡುವಳಿಯ ಮೆಣಸು ಬೆಳೆಗಾರ ನಮ್ಮ ಸೋಮವಾರಪೇಟೆಯ ಬೆಳೆಗಾರನ ಎದುರಾಳಿಯಲ್ಲ. ಖಾರ ಮತ್ತು ಎಣ್ಣೆಯ ಅಂಶ ಹೆಚ್ಚಿರುವ ಅವನ ಮೆಣಸಿಗೆ ಸಂಬಾರ ಪದಾರ್ಥಗಳ ಸಾರ (ಓಲಿಯೊರೆಸಿನ್) ತೆಗೆಯುವ ಕೇರಳದ ಕಾರ್ಖಾನೆಗಳು ಹಳೆಯ ಗಿರಾಕಿಗಳು. ವಿಯೆಟ್ನಾಂ ಮೆಣಸು ಅವನ ದೇಶದ ಹೆಸರು ಹೊತ್ತು ಹೋದಾಗ ಅವನ ಬೆಲೆಯೂ ಬಿತ್ತು, ಅವನ ಸರಕಿನ ಮೇಲಿದ್ದ ನಂಬಿಕೆಯೂ ಹೋಯಿತು. ದ್ವೀಪದ ಬೆಳೆಗಾರರೂ ಬೀದಿಗಿಳಿದರು. 2019ರ ಕೊನೆಯಲ್ಲಿ ಅಲ್ಲಿನ ಹೊಸ ಸರ್ಕಾರ ಮರುರಫ್ತಿಗೆಂದು ಕಾಳುಮೆಣಸು, ಅಡಿಕೆ ಮುಂತಾದವನ್ನು ಆಮದು ಮಾಡುವುದನ್ನು ನಿಲ್ಲಿಸಿತು. ಎರಡೂ ಕಡೆಯ ಬೆಳೆಗಾರರ ಬೇಡಿಕೆ ಒಂದೇ ಆಗಿತ್ತು. ಅವರನ್ನು ಒಂದೇ ಮೇಜಿನ ಮುಂದೆ ಕೂರಿಸುವ ಕೆಲಸ ಮಾತ್ರ ಯಾರಿಂದಲೂ ಆಗಲಿಲ್ಲ. ಸಂಬಾರ ಮಂಡಳಿಗಳಂಥ ಸಂಸ್ಥೆಗಳು ಎರಡೂ ದೇಶಗಳಲ್ಲಿ ಇದ್ದೂ ಆಗದ ಈ ಕೆಲಸ ನನಗೆ ಇಡೀ ಪ್ರಕರಣದ ಅತಿ ದೊಡ್ಡ ನಷ್ಟವಾಗಿ ಕಾಣುತ್ತದೆ.

ಅಡಿಕೆಯದು ಇನ್ನೂ ಗೋಜಲು. ಸಾಮಾನ್ಯ ಸುಂಕ ಶೇ. 100, ಶ್ರೀಲಂಕೆಯ ಅಡಿಕೆಗೆ ಸೊನ್ನೆ. ದೇಶದ ಅಡಿಕೆಯಲ್ಲಿ ಸಿಂಹಪಾಲು ಕರ್ನಾಟಕದ್ದು. ಹಾಗಾಗಿ ಮಂಗಳೂರಿನ ಕ್ಯಾಂಪ್ಕೊದಿಂದ ಹಿಡಿದು ಶಿವಮೊಗ್ಗ, ಶಿರಸಿಯ ಸಹಕಾರ ಸಂಘಗಳವರೆಗೆ ಎಲ್ಲರ ಕಣ್ಣೂ ಆಮದಿನ ಮೇಲೆ. ಇಂಡೋನೇಷ್ಯಾದಂಥ ದೇಶಗಳ ಅಡಿಕೆ ಕೊಲಂಬೊ ಮೂಲಕ ಬರುತ್ತಿದೆ ಎಂಬ ದೂರು ಹಳೆಯದು. ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಕಿಲೋಗೆ 251 ರೂಪಾಯಿಯಿಂದ 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿತು. ಆದರೆ ಸುಂಕವೇ ಇಲ್ಲದಿರುವಾಗ ಕನಿಷ್ಠ ಬೆಲೆ ಎಂಬುದು ಬಿಲ್ಲಿನಲ್ಲಿ ಬರೆಯುವ ಒಂದು ಸಂಖ್ಯೆ. ಬೆಲೆಯನ್ನು ಬಿಲ್ಲಿನಲ್ಲಿ ಏರಿಸಿ, ಹೆಚ್ಚುವರಿ ಹಣವನ್ನು ಹಿಂಬಾಗಿಲಿನಿಂದ ತರಿಸಿಕೊಳ್ಳುವುದು ಸಾಧ್ಯ ಎಂದು ಮಂಡಿಯವರೇ ಹೇಳುತ್ತಾರೆ. 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಸ್ಟಮ್ಸ್ ನಿಯಮಗಳ ಪ್ರಕಾರ ಮೂಲ ದೃಢೀಕರಣ ಪತ್ರ ತೋರಿಸಿದರೆ ಸಾಲದು, ಸರಕು ಎಲ್ಲಿ ಹೇಗೆ ಆಯಿತೆಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕು. ಇದು ಸರಿಯಾದ ದಿಕ್ಕಿನ ಹೆಜ್ಜೆ. ಬೆಲೆಯ ಗೋಡೆ ಎತ್ತರಿಸುವುದಕ್ಕಿಂತ, ಒಂದು ಜಿಲ್ಲೆಯಲ್ಲಿ ಎಷ್ಟು ಮರ, ಎಷ್ಟು ಇಳುವರಿ, ಎಷ್ಟು ರಫ್ತು ಎಂದು ದ್ವೀಪದ ಕೃಷಿ ಇಲಾಖೆಯ ಲೆಕ್ಕದ ಜೊತೆ ತಾಳೆ ನೋಡುವುದು ಹೆಚ್ಚು ಫಲ ಕೊಡುತ್ತದೆ. ಬೆಳೆದದ್ದಕ್ಕಿಂತ ಹೆಚ್ಚು ಮಾರಿದ್ದರೆ ಉತ್ತರ ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಶ್ರೀಲಂಕೆಯ ಅಸಲಿ ಸರಕಿನ ಗತಿ ಏನಾಗಿತ್ತು? ಸಿಲೋನ್ ಚಹಾಕ್ಕೆ ವರ್ಷಕ್ಕೆ 1.5 ಕೋಟಿ ಕಿಲೋವರೆಗೆ ಅರ್ಧ ಸುಂಕದ ರಿಯಾಯಿತಿ ಸಿಕ್ಕಿತು. ಶುರುವಿನಲ್ಲಿ ಅದು ಕೊಚ್ಚಿ, ಕೋಲ್ಕತ್ತ ಬಂದರುಗಳ ಮೂಲಕವೇ ಬರಬೇಕಿತ್ತು. ಆ ಕೋಟಾದ ಸಣ್ಣ ತುಣುಕಷ್ಟೇ ಬಳಕೆಯಾಯಿತು. ಉಡುಪಿಗೆ 80 ಲಕ್ಷ ಪೀಸುಗಳ ಮಿತಿ. ಅದರಲ್ಲೂ 60 ಲಕ್ಷಕ್ಕೆ ಭಾರತದ್ದೇ ಬಟ್ಟೆ ಬಳಸಿರಬೇಕೆಂಬ ಷರತ್ತಿತ್ತು, ಮುಂದೆ ಅದು ಸಡಿಲವಾಯಿತು. ಜಗತ್ತಿನ ದೊಡ್ಡ ಬ್ರ್ಯಾಂಡುಗಳಿಗೆ ಒಳ ಉಡುಪು ಹೊಲಿಯುವ ದೇಶಕ್ಕೆ, 140 ಕೋಟಿ ಜನರ ನೆರೆಮನೆ ಕೊಟ್ಟ ಜಾಗ ಇಷ್ಟು. ಇದರ ಜೊತೆ 2011ರ ತೀರ್ಮಾನವೊಂದನ್ನು ಇಟ್ಟು ನೋಡಬೇಕು. ಆ ವರ್ಷ ಭಾರತ ಬಾಂಗ್ಲಾದೇಶದ ಉಡುಪಿಗೆ, ಅದು ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದೆಯೆಂಬ ಕಾರಣಕ್ಕೆ, ಪ್ರಮಾಣದ ಮಿತಿಯಿಲ್ಲದೆ ಸುಂಕ ತೆಗೆಯಿತು. ದ್ವಿಪಕ್ಷೀಯ ಒಪ್ಪಂದ ಮಾಡಿಕೊಂಡವನಿಗಿಂತ ಮಾಡಿಕೊಳ್ಳದವನಿಗೆ ಹೆಚ್ಚು ಸಿಕ್ಕಿತು.

ಲಂಕೆಯ ಉದ್ಯಮಿಗಳು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. ಬ್ರ್ಯಾಂಡಿಕ್ಸ್ ಸಂಸ್ಥೆ ವಿಶಾಖಪಟ್ಟಣದ ಬಳಿಯ ಅಚ್ಯುತಾಪುರದಲ್ಲಿ ಸಾವಿರ ಎಕರೆಯ ಉಡುಪು ನಗರವನ್ನೇ ಕಟ್ಟಿತು. ಸುತ್ತಲಿನ ಹಳ್ಳಿಗಳಿಂದ ಬರುವ ಸಾವಿರಾರು ಮಹಿಳೆಯರಿಗೆ ಅಲ್ಲಿ ಕೆಲಸ. ಪೀಠೋಪಕರಣದ ಡ್ಯಾಮ್ರೊ ಬೆಂಗಳೂರಿನ ಬಡಾವಣೆಗಳಲ್ಲೂ ಅಂಗಡಿ ತೆರೆದಿದೆ. ಸರಕು ದಾಟಲು ಬಿಡದಿದ್ದಾಗ ಬಂಡವಾಳ ದಾಟಿತು. ಎಂ.ಡಿ.ಎಫ್. ಹಲಗೆ, ವಿದ್ಯುತ್ ಕೇಬಲ್, ಪಶು ಆಹಾರ, ಲವಂಗ, ಜಾಯಿಕಾಯಿಗಳ ರಫ್ತು ಸದ್ದಿಲ್ಲದೆ ನಡೆದಿದೆ. ಭಾರತಕ್ಕೆ ಬರುವ ಲಂಕೆಯ ಸರಕಿನಲ್ಲಿ ಸುಮಾರು ಮೂರನೇ ಎರಡರಷ್ಟು ಒಪ್ಪಂದದ ರಿಯಾಯಿತಿ ಬಳಸುತ್ತದೆ.

ಭಾರತದಿಂದ ಹೋಗುವ ಸರಕಿಗೆ ಒಪ್ಪಂದ ಹೆಚ್ಚಿಗೇನೂ ಮಾಡಿಲ್ಲ. ರಿಯಾಯಿತಿ ಬಳಸುವ ಪಾಲು ಹತ್ತರಲ್ಲೊಂದಕ್ಕಿಂತಲೂ ಕಡಿಮೆ. ಪೆಟ್ರೋಲಿಯಂ ಮತ್ತು ವಾಹನಗಳು ಲಂಕೆಯ ಹೊರಗಿಟ್ಟ ಪಟ್ಟಿಯಲ್ಲಿವೆ. ಔಷಧಿ, ಬಟ್ಟೆಗಳಿಗೆ ಅಲ್ಲಿ ಸುಂಕ ಮೊದಲೇ ಇಲ್ಲ ಅಥವಾ ಅಲ್ಪ. ಸುಂಕ ಇಳಿದ ಕಡೆಯೂ ಸೆಸ್, ಬಂದರು ಅಭಿವೃದ್ಧಿ ಲೆವಿ ಎಂಬ ಬೇರೆ ಹೆಸರಿನ ತೆರಿಗೆಗಳು ಕುಳಿತಿವೆ. ಭಾರತದ ಸರಕು ಅಲ್ಲಿ ಗೆದ್ದಿರುವುದು ಹತ್ತಿರವಿರುವುದರಿಂದ, ಅಗ್ಗವಾಗಿರುವುದರಿಂದ. ಕೊಲಂಬೊದ ಬೀದಿಯ ತ್ರಿಚಕ್ರ ವಾಹನಗಳಲ್ಲಿ ಬಹುಪಾಲು ಬಜಾಜ್. 1982ರಿಂದ ಲಂಕಾ ಅಶೋಕ್ ಲೇಲ್ಯಾಂಡ್ ಇದೆ, 2003ರಿಂದ ಲಂಕಾ ಐ.ಒ.ಸಿ. ಪೆಟ್ರೋಲ್ ಬಂಕುಗಳಿವೆ. ಒಣಮೆಣಸಿನಕಾಯಿ, ಈರುಳ್ಳಿ ಇಲ್ಲಿಂದಲೇ. ಮಹಾರಾಷ್ಟ್ರದ ದೊಡ್ಡ ಈರುಳ್ಳಿಗೆ ಅಲ್ಲಿ ಬಾಂಬೆ ಈರುಳ್ಳಿ ಎಂದೇ ಹೆಸರು. ಇಲ್ಲಿ ಬೆಲೆ ಏರಿತೆಂದು ದೆಹಲಿ 2019, 2020 ಮತ್ತು 2023ರಲ್ಲಿ ರಾತ್ರೋರಾತ್ರಿ ಈರುಳ್ಳಿ ರಫ್ತು ನಿಲ್ಲಿಸಿತು. ಪ್ರತಿ ಸಲವೂ ಕೊಲಂಬೊದ ಅಡುಗೆಮನೆಗೆ ಬಿಸಿ ತಟ್ಟಿತು. 2024ರ ಏಪ್ರಿಲ್‌ನಲ್ಲಿ ನಿಷೇಧದ ನಡುವೆಯೇ 10,000 ಟನ್ನಿಗೆ ವಿಶೇಷ ಅನುಮತಿ ಕೊಟ್ಟದ್ದು ಒಳ್ಳೆಯದೇ. ಆದರೆ ಊಟದ ತಟ್ಟೆಯ ಸರಕನ್ನು ಪ್ರತಿಸಲ ಅನುಗ್ರಹದಂತೆ ಕೊಡುವ ನೆರೆಯವನ ಮೇಲೆ ಭರವಸೆ ಬೆಳೆಯುವುದು ಕಷ್ಟ. ಮುಂದಿನ ಒಪ್ಪಂದದಲ್ಲಿ ಲಂಕೆಗೆ ವರ್ಷದ ಕನಿಷ್ಠ ಈರುಳ್ಳಿ ಪ್ರಮಾಣವನ್ನು ಭಾರತ ಬರೆದುಕೊಡಬೇಕು. ನಮ್ಮ ಉತ್ಪಾದನೆಯ ಎದುರು ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣದು.

ಭಾರತದ ಮೇಲಿನ ಭರವಸೆ ಗಟ್ಟಿಯಾದದ್ದು 2022ರಲ್ಲಿ. ವಿದೇಶಿ ವಿನಿಮಯ ಬರಿದಾಗಿ, ಏಪ್ರಿಲ್ 12ರಂದು ಶ್ರೀಲಂಕಾ ಹೊರಸಾಲ ತೀರಿಸಲಾರೆನೆಂದು ಘೋಷಿಸಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಆಸ್ಪತ್ರೆಗಳಲ್ಲಿ ಔಷಧಿಯಿಲ್ಲ. ಭಾರತ ಇಂಧನಕ್ಕೆ 50 ಕೋಟಿ ಡಾಲರ್, ಆಹಾರ ಮತ್ತು ಔಷಧಿಗೆ 100 ಕೋಟಿ ಡಾಲರ್ ಸಾಲ, 40 ಕೋಟಿ ಡಾಲರ್ ಕರೆನ್ಸಿ ವಿನಿಮಯ ನೆರವು ಕೊಟ್ಟು, ಹಳೆಯ ಆಮದಿನ ಬಾಕಿಗಳನ್ನೂ ಮುಂದೂಡಿತು. ಎಲ್ಲ ಸೇರಿ ಸುಮಾರು 400 ಕೋಟಿ ಡಾಲರ್. 2023ರ ಮಾರ್ಚ್‌ನಲ್ಲಿ ಐ.ಎಂ.ಎಫ್. 290 ಕೋಟಿ ಡಾಲರಿನ ನೆರವಿಗೆ ಒಪ್ಪುವ ಮೊದಲೇ ಬಂದ ಹಣವಿದು. ಸಾಲ ಮರುಹೊಂದಾಣಿಕೆಗೆ ಐ.ಎಂ.ಎಫ್.ಗೆ ಮೊದಲು ಭರವಸೆ ಕೊಟ್ಟ ಸಾಲದಾತ ದೇಶವೂ ಭಾರತವೇ. ಈ ಸಾಲದಿಂದ ಕೊಂಡ ಅಕ್ಕಿ, ಔಷಧಿ, ಡೀಸೆಲ್ ಭಾರತದಿಂದಲೇ ಹೋದವು ಎಂಬುದು ನಿಜ. ಅದರಿಂದ ನೆರವಿನ ಬೆಲೆ ಕಡಿಮೆಯಾಗುವುದಿಲ್ಲ. ಆ ತಿಂಗಳುಗಳಲ್ಲಿ ಬೇರೆ ಯಾರೂ ಅಷ್ಟು ಬೇಗ ಅಷ್ಟು ಕೊಟ್ಟಿರಲಿಲ್ಲ.

2023–24ರಲ್ಲಿ ಭಾರತದ ಲೆಕ್ಕದಂತೆ ಸರಕಿನ ವ್ಯಾಪಾರ ಸುಮಾರು 550 ಕೋಟಿ ಡಾಲರ್. ಅದರಲ್ಲಿ ಭಾರತದ ರಫ್ತು 411 ಕೋಟಿ, ಲಂಕೆಯದು 142 ಕೋಟಿ. ಇದರಾಚೆ, ಈ ಲೆಕ್ಕಕ್ಕೆ ಸಿಗದ ಒಂದು ದೊಡ್ಡ ವ್ಯಾಪಾರ ಕೊಲಂಬೊ ಬಂದರಿನಲ್ಲಿದೆ.

ಪೂರ್ವ–ಪಶ್ಚಿಮದ ಮುಖ್ಯ ಹಡಗು ಹಾದಿ ದ್ವೀಪದ ದಕ್ಷಿಣಕ್ಕೆ ಹತ್ತಿರದಲ್ಲೇ ಹಾದುಹೋಗುತ್ತದೆ. ಹದಿನೈದು ಇಪ್ಪತ್ತು ಸಾವಿರ ಕಂಟೈನರ್ ಹೊರುವ ದೈತ್ಯ ಹಡಗು ಪ್ರತಿ ಬಂದರಿಗೂ ಹೋಗುವುದಿಲ್ಲ. ಆಳವಿರುವ ಒಂದೆರಡು ಕಡೆ ನಿಲ್ಲುತ್ತದೆ, ಸುತ್ತಲ ಬಂದರುಗಳಿಂದ ಸಣ್ಣ ಫೀಡರ್ ಹಡಗುಗಳು ಅಲ್ಲಿಗೆ ಸರಕು ತಂದುಕೊಡುತ್ತವೆ. ನವ ಮಂಗಳೂರು ಬಂದರಿನಿಂದ ಹೊರಡುವ ನಮ್ಮ ಕಾಫಿಯ ಎಷ್ಟೋ ಕಂಟೈನರ್‌ಗಳು ದೊಡ್ಡ ಹಡಗು ಹತ್ತುವುದು ಕೊಲಂಬೊದಲ್ಲೇ. ಆ ಬಂದರು 2024ರಲ್ಲಿ ನಿಭಾಯಿಸಿದ್ದು 70 ಲಕ್ಷಕ್ಕೂ ಹೆಚ್ಚು ಕಂಟೈನರ್ ಘಟಕ. ಹಡಗಿನಿಂದ ಹಡಗಿಗೆ ಸಾಗುವ ಸರಕಿನಲ್ಲಿ ಸುಮಾರು ಶೇ. 70 ಭಾರತಕ್ಕೆ ಸೇರಿದ್ದು. ಇದು ಅಪ್ಪಟ ಸೇವಾ ರಫ್ತು. ಇಲ್ಲಿ ಮೂಲ ದೃಢೀಕರಣದ ತಕರಾರಿಲ್ಲ, ಕ್ರೇನಿನ ಕೆಲಸವನ್ನು ಯಾರೂ ನಕಲು ಮಾಡಲಾರರು.

ಭಾರತ ಈ ಅವಲಂಬನೆ ಕಡಿಮೆ ಮಾಡಲು ಹಲವು ಬಾರಿ ಯತ್ನಿಸಿದೆ. 2011ರಲ್ಲಿ ಕೊಚ್ಚಿಯ ವಲ್ಲಾರಪಾಡಂ ಟರ್ಮಿನಲ್ ತೆರೆಯಿತು, ನಿರೀಕ್ಷಿಸಿದಷ್ಟು ಹಡಗು ಬರಲಿಲ್ಲ. 2018ರಲ್ಲಿ ವಿದೇಶಿ ಹಡಗುಗಳು ಭಾರತದ ಎರಡು ಬಂದರುಗಳ ನಡುವೆ ರಫ್ತಿನ ಕಂಟೈನರ್ ಸಾಗಿಸಬಹುದೆಂದು ನಿಯಮ ಸಡಿಲವಾಯಿತು. ನಿಜವಾದ ಸವಾಲು ಬಂದದ್ದು ಕೇರಳದ ವಿಳಿಂಜಂನಿಂದ. ಸಹಜ ಆಳ, ಹಡಗು ಹಾದಿಗೆ ಹತ್ತಿರ. 2025ರ ಮೇ 2ರಂದು ಪ್ರಧಾನಿ ಅದನ್ನು ಅಧಿಕೃತವಾಗಿ ಲೋಕಾರ್ಪಣೆ ಮಾಡಿದರು. ಕೆಲಸ ಶುರುವಾದ ಮೊದಲ ವರ್ಷದಲ್ಲೇ 10 ಲಕ್ಷ ಕಂಟೈನರ್ ದಾಟಿತು. ಆ ಲೋಕಾರ್ಪಣೆಗೆ ಒಂದು ತಿಂಗಳ ಮೊದಲು, ಏಪ್ರಿಲ್‌ನಲ್ಲಿ, ಕೊಲಂಬೊದ ಪಶ್ಚಿಮ ಟರ್ಮಿನಲ್ ಕೆಲಸ ಆರಂಭಿಸಿತ್ತು. 2019ರಲ್ಲಿ ಭಾರತ ಮತ್ತು ಜಪಾನಿಗೆ ಮಾತು ಕೊಟ್ಟಿದ್ದ ಪೂರ್ವ ಟರ್ಮಿನಲ್ ಯೋಜನೆಯನ್ನು ಕಾರ್ಮಿಕ ಸಂಘಟನೆಗಳ ವಿರೋಧಕ್ಕೆ ಮಣಿದು 2021ರಲ್ಲಿ ಕೈಬಿಟ್ಟ ಶ್ರೀಲಂಕಾ, ಬದಲಿಗೆ ಕೊಟ್ಟದ್ದು ಇದು. ಇದರಲ್ಲಿ ಶೇ. 51ರ ಪಾಲು ಅದಾನಿ ಬಂದರು ಸಂಸ್ಥೆಯದು. ವಿಳಿಂಜಂ ನಡೆಸುವುದೂ ಅದೇ ಸಂಸ್ಥೆ. ಪತ್ರಿಕೆಗಳು ಎರಡು ದೇಶಗಳ ಪೈಪೋಟಿ ಎಂದು ಬರೆಯುವ ಈ ಜಾಗದಲ್ಲಿ ಎರಡೂ ಕಡೆ ಒಂದೇ ಗುಂಪು ಕುಳಿತಿದೆ. ಹಡಗು ಎಲ್ಲಿ ನಿಲ್ಲಬೇಕು, ಕಂಟೈನರ್ ಎತ್ತಲು ಎಷ್ಟು ದರ ಎಂಬುದು ಕಾಫಿ, ಗೋಡಂಬಿ ಕಳಿಸುವ ನಮ್ಮ ರಫ್ತುದಾರರ ಜೇಬಿಗೆ ಸಂಬಂಧಿಸಿದ ವಿಷಯ. ಅದರ ಮೇಲೆ ಸ್ಪರ್ಧಾ ಆಯೋಗದ ಕಣ್ಣಿರಬೇಕು.

ಪ್ರವಾಸೋದ್ಯಮದ ಬಗ್ಗೆ ಹೆಚ್ಚು ವಿವರ ಬೇಕಿಲ್ಲ. 2024ರಲ್ಲಿ ದ್ವೀಪಕ್ಕೆ ಬಂದ 20.5 ಲಕ್ಷ ಪ್ರವಾಸಿಗರಲ್ಲಿ 4.16 ಲಕ್ಷ ಮಂದಿ ಭಾರತೀಯರು, ಅಂದರೆ ಐವರಲ್ಲಿ ಒಬ್ಬರು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಿಣಂ–ಕಾಂಕೇಸಂತುರೈ ನಡುವೆ ದೋಣಿ ಸೇವೆ ಮರಳಿತು, 2024ರ ಫೆಬ್ರವರಿಯಿಂದ ಅಲ್ಲಿನ ಅಂಗಡಿಗಳಲ್ಲಿ ಯು.ಪಿ.ಐ. ನಡೆಯುತ್ತಿದೆ. ಎದುರು ದಿಕ್ಕಿನಲ್ಲಿ ಚಿಕಿತ್ಸೆಗೆಂದು ಲಂಕೆಯವರು ಚೆನ್ನೈ, ಬೆಂಗಳೂರಿಗೆ ಬರುತ್ತಾರೆ. ಇಂದಿನ ಸ್ಟೇಟ್ ಬ್ಯಾಂಕಿನ ಪೂರ್ವಜ ಬ್ಯಾಂಕ್ ಆಫ್ ಮದ್ರಾಸ್ ಕೊಲಂಬೊದಲ್ಲಿ ಶಾಖೆ ತೆರೆದದ್ದು 1864ರಲ್ಲಿ. ಸೇವೆಗಳ ಈ ಬಳ್ಳಿ ಯಾವ ಒಪ್ಪಂದದ ಆಸರೆಯೂ ಇಲ್ಲದೆ ಹಬ್ಬಿದ್ದು.

ಆಸರೆ ಕೊಡುವ ಯತ್ನ ಎರಡು ಬಾರಿ ನಡೆದಿದೆ. ಸೇವೆ ಮತ್ತು ಹೂಡಿಕೆಯನ್ನೂ ಒಳಗೊಳ್ಳುವ ಸೀಪಾ ಒಪ್ಪಂದದ ಮಾತುಕತೆ 2005ರಲ್ಲಿ ಶುರುವಾಗಿ, 2008ರ ಆಗಸ್ಟ್‌ನ ಕೊಲಂಬೊ ಸಾರ್ಕ್ ಶೃಂಗಸಭೆಯಲ್ಲಿ ಸಹಿಯಾಗಬೇಕಿತ್ತು. ಅಲ್ಲಿನ ಉದ್ಯಮಿಗಳ ವಿರೋಧದಿಂದ ಕೊನೆಗಳಿಗೆಯಲ್ಲಿ ನಿಂತಿತು. 2016ರಲ್ಲಿ ಎಟ್ಕಾ ಎಂಬ ಹೊಸ ಹೆಸರಿನಲ್ಲಿ ಮತ್ತೆ ಚಾಲನೆ ಸಿಕ್ಕಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಶುರುವಾಗಿ, 2024ರ ಜುಲೈ ಹೊತ್ತಿಗೆ ಹದಿನಾಲ್ಕು ಸುತ್ತು ಮುಗಿದಿದ್ದವು. ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿದ್ದದ್ದು ಸರ್ಕಾರಿ ವೈದ್ಯಾಧಿಕಾರಿಗಳ ಸಂಘ. ಐ.ಟಿ. ವೃತ್ತಿಪರರೂ ದನಿಗೂಡಿಸಿದರು. ಭಾರತದ ವೈದ್ಯರು, ಎಂಜಿನಿಯರುಗಳು ದೋಣಿ ತುಂಬಿ ಬಂದು ನಮ್ಮ ಕೆಲಸ ಕಸಿಯುತ್ತಾರೆ ಎಂಬ ಭೀತಿ. ಈ ಭೀತಿಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಬೆಂಗಳೂರಿನಲ್ಲಿ ಹೊರಗಿನವರ ಬಗ್ಗೆ, ಸ್ಥಳೀಯರ ಉದ್ಯೋಗದ ಬಗ್ಗೆ ನಡೆಯುವ ಚರ್ಚೆಯನ್ನು ನೆನಪಿಸಿಕೊಳ್ಳಲಿ. ನಮ್ಮ ಮೂರನೇ ಒಂದರಷ್ಟಿರುವ ನಾಡಿಗೆ ಅದು ಮೂರು ಪಟ್ಟು ಕಾಡಿದರೆ ಆಶ್ಚರ್ಯವಿಲ್ಲ. ಆದರೆ ಆ ದೇಶದ ನಿಜವಾದ ಕಷ್ಟ ಬೇರೆ. 2022ರ ನಂತರ ಅಲ್ಲಿನ ವೈದ್ಯರು, ಎಂಜಿನಿಯರುಗಳೇ ದೊಡ್ಡ ಸಂಖ್ಯೆಯಲ್ಲಿ ಬೇರೆ ದೇಶಗಳಿಗೆ ಹೊರಟುಹೋದರು. ಡಾಲರ್ ಸಂಬಳವಿರುವ ದಾರಿಗಳು ತೆರೆದಿರುವಾಗ ಭಾರತದ ವೈದ್ಯ ಲಂಕೆಯ ರೂಪಾಯಿ ಸಂಬಳಕ್ಕೆ ಹೋಗುತ್ತಾನೆಂದು ನಂಬಲು ಕಾರಣ ಕಾಣುವುದಿಲ್ಲ.

2016ರ ಕರಡು ಚರ್ಚೆಯಲ್ಲಿ ಶ್ರೀಲಂಕಾ ತೆರೆಯಲು ಸಿದ್ಧವೆಂದದ್ದು ಎರಡೇ ಕ್ಷೇತ್ರ: ಐ.ಟಿ. ಮತ್ತು ಹಡಗು ನಿರ್ಮಾಣ. ಎರಡನೆಯದು ತಮಾಷೆಯ ಆಯ್ಕೆಯಲ್ಲ. ಕೊಲಂಬೊ ಡಾಕ್‌ಯಾರ್ಡ್ ಕಟ್ಟಿದ ಹಡಗುಗಳಲ್ಲಿ ನಮ್ಮ ಲಕ್ಷದ್ವೀಪದ ಪ್ರಯಾಣಿಕರು ಓಡಾಡುತ್ತಾರೆ. ಅದರ ಜಪಾನಿ ಮಾಲೀಕರು ಹಿಂದೆ ಸರಿದಾಗ, 2025ರ ಜೂನ್‌ನಲ್ಲಿ ಮುಂಬೈಯ ಸರ್ಕಾರಿ ಸಂಸ್ಥೆ ಮಜಗಾಂವ್ ಡಾಕ್ ಸುಮಾರು 5.3 ಕೋಟಿ ಡಾಲರಿಗೆ ಶೇ. 51ರಷ್ಟಾದರೂ ಪಾಲು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಒಂಬತ್ತು ವರ್ಷಗಳ ಮಾತುಕತೆ ಮಾಡಲಾಗದ್ದನ್ನು ಒಂದು ಖರೀದಿ ಮಾಡಿತು. ಹಾಗೆಂದು ಒಪ್ಪಂದ ಬೇಡವೆಂದಲ್ಲ. ಖರೀದಿಯಿಂದ ಬರುವುದು ಒಡೆತನ. ಅಲ್ಲಿನ ಬೆಸುಗೆ ಕೆಲಸಗಾರನ ಪ್ರಮಾಣಪತ್ರಕ್ಕೆ ಕೊಚ್ಚಿಯಲ್ಲಿ ಮಾನ್ಯತೆ ಸಿಗುವುದು ಒಪ್ಪಂದದಿಂದ ಮಾತ್ರ.

ಸರಕು, ಸೇವೆ ಎರಡಕ್ಕೂ ಸಲ್ಲುವ ಇನ್ನೊಂದು ವ್ಯಾಪಾರ ಇನ್ನೂ ಕಾಗದದ ಮೇಲಿದೆ: ವಿದ್ಯುತ್. ಎರಡು ದೇಶಗಳ ಜಾಲವನ್ನು ಸಮುದ್ರದ ತಳದ ಕೇಬಲ್‌ನಿಂದ ಜೋಡಿಸುವ ಮಾತು 1970ರ ದಶಕದ್ದು. 2025ರ ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಭೇಟಿಯ ವೇಳೆ, ಶ್ರೀಲಂಕೆಯ ಅಧ್ಯಕ್ಷ ಅನುರ ಕುಮಾರ ದಿಸ್ಸಾನಾಯಕೆ ಸರ್ಕಾರದ ಜೊತೆ ಇದರ ಜಾರಿಗೆ ತಿಳಿವಳಿಕೆ ಪತ್ರವೊಂದಕ್ಕೆ ಸಹಿಯಾಯಿತು. ಅದೇ ತಿಂಗಳು ಸಿಂಹಳ–ತಮಿಳು ಹೊಸ ವರ್ಷದ ರಜೆಯಲ್ಲಿ ಬೇಡಿಕೆ ಕುಸಿದು, ಜಾಲ ಉರುಳದಿರಲಿ ಎಂದು ಮನೆಗಳ ಚಾವಣಿಯ ಸೌರ ಫಲಕಗಳನ್ನು ಹಗಲಿನಲ್ಲಿ ನಿಲ್ಲಿಸಿರೆಂದು ಅಲ್ಲಿನ ಆಡಳಿತ ಜನರನ್ನು ಕೇಳಿಕೊಳ್ಳಬೇಕಾಯಿತು. ಮಾರಬಹುದಾಗಿದ್ದ ಬಿಸಿಲು ಹಾಗೇ ಪೋಲಾಯಿತು. ಮನ್ನಾರ್ ಕಡೆಯ ಗಾಳಿ ನೈಋತ್ಯ ಮುಂಗಾರಿನಲ್ಲಿ ಜೋರಾಗಿ ಬೀಸುತ್ತದೆ, ದ್ವೀಪದ ಬೇಡಿಕೆಯೊಂದೇ ಅದನ್ನೆಲ್ಲ ಬಳಸಿ ಮುಗಿಸಲಾರದು. ಅಲ್ಲಿ 484 ಮೆಗಾವಾಟ್ ಪವನ ವಿದ್ಯುತ್ ಯೋಜನೆ ಹಿಡಿದಿದ್ದ ಅದಾನಿ ಸಂಸ್ಥೆ, ಯೂನಿಟ್ಟಿಗೆ 8.26 ಸೆಂಟ್ ದರವನ್ನು ಹೊಸ ಸರ್ಕಾರ ದುಬಾರಿಯೆಂದು ಮರುಪರಿಶೀಲನೆಗೆ ಒಳಪಡಿಸಿದ ಮೇಲೆ, 2025ರ ಫೆಬ್ರವರಿಯಲ್ಲಿ ಹಿಂದೆ ಸರಿಯಿತು. ಕೇಬಲ್ ಬಂದರೆ ಆ ದರದ ಚರ್ಚೆಯ ಸ್ವರೂಪವೇ ಬದಲಾಗುತ್ತದೆ, ಏಕೆಂದರೆ ಆಗ ಕೊಳ್ಳುವವರು ಸಮುದ್ರದ ಎರಡೂ ಕಡೆ ಇರುತ್ತಾರೆ. ಲಂಕೆಯ ಹೆಚ್ಚುವರಿ ಯೂನಿಟ್ಟಿಗೆ ಭಾರತ ಎಷ್ಟು ಕೊಡುತ್ತದೆ, ಕೊರತೆಯ ದಿನ ಎಷ್ಟಕ್ಕೆ ಮಾರುತ್ತದೆ ಎಂಬ ಎರಡು ಸಂಖ್ಯೆಗಳನ್ನು ಕೇಬಲ್ ಹಾಕುವ ಮೊದಲೇ ಬರೆದಿಟ್ಟುಕೊಳ್ಳಬೇಕು.